ಮೊರ ಹಿಡಿದು ಕೂರುವ ಜಾಗ

ಪುಷ್ಯ ಮಳೆ ಹಿಡಿದಿರುವಾಗ ಕೊಪ್ಪದ ಕಡೆಯ ಯಾವುದಾದರೂ ಹಳೆಯ ಮನೆಗೆ ಹೋಗಿ, ಇಲ್ಲಿ ಅಕ್ಕಿ ಆರಿಸುವುದು ಎಲ್ಲಿ ಎಂದು ಕೇಳಿ ನೋಡಿ. ಅಡಿಗೆಮನೆಯಲ್ಲಿ ಎಂದು ಯಾರೂ ಹೇಳುವುದಿಲ್ಲ. ಒಳಗಿನ ಅಂಗಳದ ಅಂಚಿಗೆ, ಜಗಲಿಯ ತುದಿಗೆ ಬೆರಳು ತೋರಿಸುತ್ತಾರೆ. ಅಜ್ಜಿ ಮೊರ ಹಿಡಿದು ಕೂರುವುದು ಅಲ್ಲೇ. ಗಾಳಿ ಬೀಸಿ ಎರಚಲು ಬಂದರೆ ಎರಡು ಗೇಣು ಹಿಂದೆ ಸರಿಯುತ್ತಾಳೆ. ಅದಕ್ಕಿಂತ ಹಿಂದೆ ಹೋಗುವಂತಿಲ್ಲ. ಹೋದರೆ ಅಕ್ಕಿಯಲ್ಲಿ ಕಲ್ಲೂ ಕಾಣದು, ನೆಲ್ಲೂ ಕಾಣದು. ಮುಂದೆ ಎರಚಲು, ಹಿಂದೆ ಕತ್ತಲೆ. ಇವೆರಡರ ನಡುವೆ ಉಳಿಯುವ ಮೊಳದಗಲದ ಜಾಗದಲ್ಲಿ ಮಲೆನಾಡಿನ ಮನೆಯ ಮಳೆಗಾಲದ ಕೆಲಸವೆಲ್ಲ ನಡೆಯುತ್ತದೆ. ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಮಕ್ಕಳು ಬರೆಯುವುದು, ಅಜ್ಜ ಪಂಚಾಂಗ ನೋಡುವುದು ಎಲ್ಲ ಅಲ್ಲೇ.

ಈ ಅಧ್ಯಾಯವಿರುವುದು ಆ ಒಂದು ಮೊಳವನ್ನು ಎರಡು ಮೊಳ ಮಾಡುವುದು ಹೇಗೆ ಎಂಬ ಬಗ್ಗೆ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ಚಿಕ್ಕಮಗಳೂರು ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಆದರೆ ಮೂರರ ಆಕಾಶ ಒಂದೇ ಅಲ್ಲ. ಶೃಂಗೇರಿ ಘಟ್ಟದ ತಲೆಯ ಬಳಿಯಿದೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟ ಹತ್ತಿ ಮೊದಲು ಇಳಿಸುವ ಹೊರೆಯೆಲ್ಲ ಕಿಗ್ಗ, ಶೃಂಗೇರಿ, ಪಕ್ಕದ ಆಗುಂಬೆಯ ಪಾಲು. ಕೊಪ್ಪಕ್ಕೆ ಬರುವಷ್ಟರಲ್ಲಿ ಮಳೆ ಒಂದಿಷ್ಟು ಇಳಿದಿರುತ್ತದೆ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರಕ್ಕೆ, ಭದ್ರೆಯ ಹಿನ್ನೀರಿನ ಸೀಮೆಗೆ ತಲುಪುವ ಹೊತ್ತಿಗೆ ಇನ್ನೂ ಇಳಿದಿರುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬಸ್ಸಿನಲ್ಲಿ ಎರಡು ಗಂಟೆ ಕೂತರೆ ಮೋಡ ತೆಳ್ಳಗಾಗುತ್ತ ಹೋಗುವುದನ್ನು ಕಣ್ಣಾರೆ ಕಾಣಬಹುದು. ಮನೆಗೆ ಬೆಳಕು ತರುವ ಮಾತು ಶುರುವಾಗಬೇಕಾದುದು ಮೋಡದಿಂದ. ಕಿಟಕಿಯ ಸರದಿ ಆಮೇಲೆ.

ನಾವು ಬೆಳಕು ಎಂದ ಕೂಡಲೇ ಬಿಸಿಲನ್ನು ನೆನೆಯುತ್ತೇವೆ. ಮನೆ ಕಟ್ಟುವವರ ಪುಸ್ತಕಗಳೂ ಹಾಗೆಯೇ, ಸೂರ್ಯ ಎಲ್ಲಿ ಹುಟ್ಟುತ್ತಾನೆ, ಎಲ್ಲಿ ಮುಳುಗುತ್ತಾನೆ, ಕಿಟಕಿ ಯಾವ ದಿಕ್ಕಿಗಿರಬೇಕು ಎಂದೇ ಹೇಳುತ್ತವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಸೂರ್ಯ ಎಲ್ಲಿದ್ದಾನೆ ಎಂದು ಹೇಳುವುದೇ ಕಷ್ಟ. ಆಗ ಬೆಳಕು ಬರುವುದು ಇಡೀ ಮೋಡದಿಂದ. ಒಂದು ದೀಪದ ಬದಲು, ತಲೆಯ ಮೇಲೆ ಕವುಚಿಟ್ಟ ಬಟ್ಟಲಿನಂಥ ಒಂದು ದೊಡ್ಡ ಮಬ್ಬು ದೀಪ. ಆ ಬಟ್ಟಲು ಎಲ್ಲ ಕಡೆಯೂ ಒಂದೇ ಸಮ ಬೆಳಗುತ್ತದೆಯೇ?

ಇಲ್ಲ. 1942ರಲ್ಲಿ ಅಮೆರಿಕದ ಪ್ಯಾರಿ ಮೂನ್ ಮತ್ತು ಡೊಮಿನಾ ಸ್ಪೆನ್ಸರ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. 1955ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ ದಟ್ಟವಾಗಿ ಮೋಡ ಮುಚ್ಚಿದ ದಿನ ಆಕಾಶದ ನೆತ್ತಿ ಅದರ ಅಂಚಿಗಿಂತ ಮೂರು ಪಟ್ಟು ಹೊಳಪಾಗಿರುತ್ತದೆ. ಕಾರಣ ತುಂಬ ಚೆನ್ನಾಗಿದೆ. ಮೋಡವನ್ನು ಹತ್ತಿಯ ದಪ್ಪ ಹಾಸಿಗೆ ಎಂದುಕೊಳ್ಳಿ. ಬಿಸಿಲು ಬೀಳುವ ಅದರ ಮೇಲ್ಮೈ ಬೆಳ್ಳಗೆ ಹೊಳೆಯುತ್ತಿರುತ್ತದೆ. ಆ ಬೆಳಕು ನೀರಹನಿಗಳಿಗೆ ತಾಗಿ ತಾಗಿ ದಿಕ್ಕು ತಪ್ಪುತ್ತ ಕೆಳಗಿಳಿದಂತೆ ಕಡಿಮೆಯಾಗುತ್ತದೆ. ನಾವು ನೆಟ್ಟಗೆ ಮೇಲೆ ನೋಡಿದಾಗ ನೋಟ ಆ ಹಾಸಿಗೆಯೊಳಗೆ ಹೆಚ್ಚು ಎತ್ತರದ ತನಕ, ಅಂದರೆ ಹೆಚ್ಚು ಬೆಳಗಿದ ಪದರದ ತನಕ ಹೊಗುತ್ತದೆ. ಓರೆಯಾಗಿ ನೋಡಿದಾಗಲೂ ಅಷ್ಟೇ ದೂರ ಹೊಗುತ್ತದೆ, ಆದರೆ ಆ ದೂರ ಅಡ್ಡಡ್ಡಕ್ಕೆ ಖರ್ಚಾಗಿ ಎತ್ತರ ಸಿಗುವುದಿಲ್ಲ. ಅಲ್ಲಿ ಕಾಣುವುದು ಕೆಳಗಿನ ಮಬ್ಬು ಪದರ ಮಾತ್ರ. ಸೂರ್ಯಬಿಂಬದ ಚಿತ್ರದಲ್ಲಿ ನಡುಭಾಗ ಪ್ರಖರವಾಗಿ, ಅಂಚು ಮಂಕಾಗಿ ಕಾಣುವುದೂ ಇದೇ ಕಾರಣಕ್ಕೆ. ಕೋಟಿಗಟ್ಟಲೆ ಮೈಲಿ ಆಚೆಯ ಅನಿಲದ ಗೋಳಕ್ಕೂ ಕಿಗ್ಗದ ಮೇಲಿನ ಮೋಡಕ್ಕೂ ಒಂದೇ ನಿಯಮ.

ಈಗ ಬಯಲುಸೀಮೆಯ ತಿಳಿ ಆಕಾಶಕ್ಕೆ ಬನ್ನಿ. ಅಲ್ಲಿ ಲೆಕ್ಕ ತಲೆಕೆಳಗು. ಸೂರ್ಯನಿರುವ ದಿಕ್ಕನ್ನು ಬಿಟ್ಟು ಉಳಿದ ಕಡೆ ನೋಡಿದರೆ ನೆತ್ತಿ ಕಡುನೀಲಿ, ದಿಗಂತ ಬಿಳಿಚು. ಅಂಚಿನ ಕಡೆ ನೋಟ ಹೆಚ್ಚು ದಪ್ಪದ ಗಾಳಿಯನ್ನು ಹಾಯುತ್ತದೆ, ಆ ಗಾಳಿಯೆಲ್ಲ ಬೆಳಕನ್ನು ಚೆದುರಿಸುತ್ತದೆ. ಮನೆಯ ಬೆಳಕಿನ ಬಗೆಗಿನ ಭಾರತೀಯ ಮಾನಕ ಐಎಸ್ 2440 ಲೆಕ್ಕಕ್ಕೆ ಹಿಡಿದಿರುವುದು ಇಂಥ ತಿಳಿ ಆಕಾಶವನ್ನು. ಅದರಲ್ಲಿ ದಿಗಂತದ ಬಳಿಯ ಹೊಳಪು ನೆತ್ತಿಯ ಹೊಳಪಿನ ಹತ್ತಿರ ಹತ್ತಿರ ನಾಲ್ಕು ಪಟ್ಟು. ದೇಶದ ಬಹುಪಾಲಿಗೆ ಇದು ಸರಿಯಾದ ಆಯ್ಕೆಯೇ. ಇಂಥ ಆಕಾಶದ ಕೆಳಗೆ ಗೋಡೆಯ ಕಿಟಕಿಯಂಥ ಒಳ್ಳೆಯ ಉಪಾಯ ಇನ್ನೊಂದಿಲ್ಲ, ಏಕೆಂದರೆ ಕಿಟಕಿ ನೋಡುವುದೇ ದಿಗಂತದ ಕಡೆಗೆ. ಆದರೆ ಬೆಂಗಳೂರಿನಲ್ಲಿ ಕೂತು ಬರೆದ ನಕ್ಷೆಯನ್ನು ತಂದು ಶೃಂಗೇರಿಯ ಬಳಿ ಮನೆ ಕಟ್ಟಿದವರು ಇಷ್ಟು ದೊಡ್ಡ ಕಿಟಕಿ ಇಟ್ಟರೂ ಆಷಾಢದಲ್ಲಿ ಲೈಟು ಹಾಕಲೇಬೇಕಲ್ಲ ಎಂದು ಬೇಸರ ಪಡುವುದಿದೆ. ಅವರ ಕಿಟಕಿಯಲ್ಲಿ ತಪ್ಪಿಲ್ಲ. ಆ ಕಿಟಕಿಗೆ ಬೇಕಾದ ಆಕಾಶ ಆಗ ಅಲ್ಲಿಲ್ಲ.

ಎಷ್ಟು ಬೆಳಕು ಬೇಕು? ಬೆಳಕನ್ನು ಲಕ್ಸ್‌ಗಳಲ್ಲಿ ಅಳೆಯುತ್ತಾರೆ. ನೆತ್ತಿಯ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್. ಸಾಧಾರಣ ಮೋಡದ ಹಗಲಲ್ಲಿ 10,000. ಮಳೆ ಧೋ ಎಂದು ಹುಯ್ಯುವಾಗ ಅದು ಒಂದೆರಡು ಸಾವಿರಕ್ಕೂ ಇಳಿಯುತ್ತದೆ. ಐಎಸ್ 2440ರ ಪ್ರಕಾರ ಹೊರಗೆ 8,000 ಲಕ್ಸ್ ಇದ್ದಾಗ ಅಡಿಗೆಮನೆಗೆ ಅದರ ನೂರಕ್ಕೆ ಎರಡೂವರೆ ಪಾಲು, ಅಂದರೆ 200 ಲಕ್ಸ್ ಸಿಗಬೇಕು. ಓದುವ ಕೋಣೆಗೆ 150ರಷ್ಟು. ಕೂರುವ ಕೋಣೆಗೆ 50 ಸಾಕು. ಅಡಿಗೆಮನೆಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಕೆಂದು ಸರ್ಕಾರಿ ಮಾನಕವೇ ಹೇಳುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ಹಳೆಯ ಮನೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬೆಳಕು ಬಂದದ್ದು ಅಡಿಗೆಮನೆಗೇ. ಒಲೆಯ ಹೊಗೆಯಲ್ಲಿ, ಹಿಂದಿನ ಧರೆಗೆ ಮುಖ ಮಾಡಿದ ಪುಟ್ಟ ಕಿಂಡಿಯ ಬೆಳಕಿನಲ್ಲಿ ತಲೆಮಾರುಗಟ್ಟಲೆ ಹೆಂಗಸರು ದುಡಿದರು. ಮುಂಭಾಗದ ಚಾವಡಿಗೆ ಕೆತ್ತನೆಯ ಕಂಬಗಳು ಬಂದವು. ಹಳೆಯ ಮನೆಗಳ ಚೆಲುವನ್ನು ಹಾಡಿ ಹೊಗಳುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಹಾಗಾದರೆ ಹಿರಿಯರು ಕಿಟಕಿ ದೊಡ್ಡದು ಮಾಡಬಹುದಿತ್ತಲ್ಲವೇ? ಮಾಡಿದ್ದರೂ ದೊಡ್ಡ ಲಾಭವಿರಲಿಲ್ಲ. ಮಣ್ಣಿನ ಗೋಡೆಗೆ ನೀರು ತಾಗಬಾರದು, ಅದಕ್ಕಾಗಿ ಸೂರು ಕೆಳಕ್ಕಿಳಿಯಬೇಕು. ಪಡುವಣ ಗಾಳಿಯ ಕಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಬೇರೆ ಕಟ್ಟಬೇಕು. ಮನೆ ಇರುವುದು ಗುಡ್ಡದ ಬುಡದಲ್ಲಿ, ಎದುರಿಗೆ ತೋಟ. ಈಗ ಲೆಕ್ಕ ಹಾಕೋಣ. ಮೋಡದ ದಿನ ಬಯಲಿನಲ್ಲಿ ನೆಲಕ್ಕೆ ಬೀಳುವ ಬೆಳಕನ್ನು ನೂರು ಎಂದುಕೊಂಡರೆ, ಎದುರಿಗೆ ಏನೂ ಅಡ್ಡವಿಲ್ಲದ ನೆಟ್ಟನೆಯ ಗೋಡೆಗೆ ದಕ್ಕುವುದು ಹೆಚ್ಚೆಂದರೆ 40. ಗೋಡೆಗೆ ಆಕಾಶದ ಅರ್ಧ ಭಾಗ ಕಾಣುತ್ತದಾದರೂ ನೆತ್ತಿಯ ಹೊಳಪು ಅದಕ್ಕೆ ಓರೆಯಾಗಿ ಮಾತ್ರ ತಾಗುತ್ತದೆ. ಅದರ ಮೇಲೆ ಸೂರು 30 ಡಿಗ್ರಿಯಿಂದ ಮೇಲಿನ ಆಕಾಶವನ್ನೆಲ್ಲ ಮರೆಮಾಡಿತು ಎನ್ನಿ, ತೋಟವೂ ಗುಡ್ಡವೂ ಸೇರಿ 15 ಡಿಗ್ರಿಯವರೆಗಿನದನ್ನು ಮರೆಮಾಡಿದವು ಎನ್ನಿ. ಉಳಿದ ತೆಳು ಪಟ್ಟಿಯಿಂದ ಬರುವುದು ಎಂಟರಷ್ಟು. ಅದೂ ಗೋಡೆಯ ಹೊರಮೈಗೆ. ಮರದ ಸರಳು, ದಪ್ಪ ಗೋಡೆ ದಾಟಿ ಒಳಗೆ ಹತ್ತಡಿ ಹೋಗುವಷ್ಟರಲ್ಲಿ ಒಂದೂ ಉಳಿಯುವುದಿಲ್ಲ. ಮಳೆಯನ್ನು ತಡೆಯುವ ಪ್ರತಿಯೊಂದು ಉಪಾಯವೂ ಬೆಳಕನ್ನೂ ತಡೆಯುತ್ತದೆ, ಏಕೆಂದರೆ ಮೋಡದ ದಿನ ಎರಡೂ ಬರುವುದು ಮೇಲಿನಿಂದಲೇ.

ಈ ಇಕ್ಕಟ್ಟಿನಿಂದ ಬಿಡಿಸಿಕೊಳ್ಳಲು ಕಂಡುಕೊಂಡ ದಾರಿಯೇ ತೊಟ್ಟಿ. ಮನೆಯ ಹೊಟ್ಟೆಯಲ್ಲಿ ಮಾಡನ್ನು ತೆರೆದು ಮಳೆಯನ್ನು ಒಳಗೇ ಬಿಟ್ಟುಕೊಂಡು, ಅದನ್ನು ಕಲ್ಲುಚಪ್ಪಡಿಯ ಮೇಲೆ ಹರಿಸಿ ಹೊರಗೆ ಕಳಿಸುವುದು. ಮಳೆಯ ಜೊತೆಗೆ ಬೆಳಕೂ ಒಳಗೆ ಬರುತ್ತದೆ, ಅದೂ ಆಕಾಶದ ಅತಿ ಹೊಳಪಿನ ಭಾಗದಿಂದ. ಇದನ್ನು ನೋಡಬೇಕೆಂದರೆ ಕೊಪ್ಪದಿಂದ ತೀರ್ಥಹಳ್ಳಿ ಸೀಮೆಗೆ ದಾಟಿ ಕುಪ್ಪಳಿಗೆ ಹೋಗಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಅದು ಕೊಪ್ಪ ತಾಲ್ಲೂಕಿನದು. ಬೆಳೆದದ್ದು ಕುಪ್ಪಳಿಯ ಮೂರು ಅಂತಸ್ತಿನ ತೊಟ್ಟಿ ಮನೆಯಲ್ಲಿ. ಕುವೆಂಪು ಪ್ರತಿಷ್ಠಾನ ಅದನ್ನು ಜೀರ್ಣೋದ್ಧಾರ ಮಾಡಿ ಕವಿಮನೆಯಾಗಿ ಕಾಪಾಡಿದೆ. ಜನ ಅಲ್ಲಿ ಕಂಬಗಳನ್ನೂ ಪಾತ್ರೆಪಗಡಿಯನ್ನೂ ನೋಡುತ್ತಾರೆ. ನೀವು ಬೆಳಕನ್ನು ನೋಡಿ. ಅಂಗಳದಿಂದ ಜಗಲಿಗೆ, ಜಗಲಿಯಿಂದ ಕೋಣೆಗೆ ಒಂದೊಂದೇ ಹೆಜ್ಜೆ ಇಟ್ಟು, ಪ್ರತಿ ಹೆಜ್ಜೆಗೂ ತಲೆಯೆತ್ತಿ ಆಕಾಶ ಎಷ್ಟು ಕಾಣುತ್ತದೆ ಎಂದು ಗಮನಿಸಿ.

ಏಕೆಂದರೆ ಒಳಗಿನ ಬೆಳಕಿನ ಗುಟ್ಟೆಲ್ಲ ಇರುವುದು ಆ ಕಾಣುವ ಆಕಾಶದಲ್ಲಿ. ಹನ್ನೆರಡಡಿ ಅಗಲದ ಅಂಗಳ, ನೆಲದಿಂದ ಏಳಡಿ ಎತ್ತರಕ್ಕೆ ಸೂರಿನ ಅಂಚು, ಎದುರಿಗೆ ಇಳಿಜಾರಿನ ಮಾಡು ಇರುವ ಮನೆಯೊಂದನ್ನು ಊಹಿಸಿಕೊಳ್ಳಿ. ಸೂರಿನ ಅಂಚಿನಿಂದ ಆರಡಿ ಒಳಗೆ ನೆಲದ ಮೇಲಿಟ್ಟ ಮೊರಕ್ಕೆ ಕಾಣುವ ಆಕಾಶ ಸುಮಾರು 25ನೇ ಡಿಗ್ರಿಯಿಂದ 49ನೇ ಡಿಗ್ರಿಯವರೆಗಿನ ಪಟ್ಟಿ. ಕೆಳಗಿನ ಮಿತಿ ಎದುರು ಮಾಡಿನ ನೆತ್ತಿ, ಮೇಲಿನ ಮಿತಿ ನಮ್ಮದೇ ಸೂರು. ಇನ್ನೂ ಆರಡಿ ಹಿಂದೆ ಸರಿದರೆ ಪಟ್ಟಿ 22ರಿಂದ 30 ಡಿಗ್ರಿಗೆ ಕುಗ್ಗುತ್ತದೆ. ಅದು ಆಕಾಶದ ಮಬ್ಬು ಭಾಗ, ಬೆಳಕು ಬೀಳುವುದೂ ಹೆಚ್ಚು ಓರೆಯಾಗಿ. ಆರಡಿ ಸರಿದದ್ದಕ್ಕೆ ಬೆಳಕು ಕಾಲು ಭಾಗಕ್ಕೂ ಕಡಿಮೆಯಾಗುತ್ತದೆ. ಮತ್ತೂ ಹಿಂದೆ ಹೋದರೆ ಆಕಾಶವೇ ಕಾಣದ ಒಂದು ಗೆರೆ ಬರುತ್ತದೆ. ಆ ಗೆರೆಯಾಚೆ ಇರುವುದು ಗೋಡೆಗೆ, ನೆಲಕ್ಕೆ ತಾಗಿ ತಿರುಗಿ ಬಂದ ಎರವಲು ಬೆಳಕು. ಮನೆ ರಿಪೇರಿಗೆ ಕೈ ಹಾಕುವ ಮುಂಚೆ ಸೀಮೆಸುಣ್ಣ ಹಿಡಿದು ಈ ಗೆರೆಯನ್ನು ಇಡೀ ಮನೆಯಲ್ಲಿ ಗುರುತು ಹಾಕಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಯಾವ ಯಂತ್ರವೂ ಬೇಡ. ಕೆಲಸ ಮಾಡುವ ಎತ್ತರದಲ್ಲಿ ಕಣ್ಣಿಟ್ಟು ನೋಡಿದರೆ ಸಾಕು.

ಬಿಸಿಲಿನ ಲೆಕ್ಕವನ್ನು ಬಿಟ್ಟೇಬಿಡುವಂತಿಲ್ಲ, ಮಳೆ ನಿಂತ ಮೇಲೆ ಎಂಟು ತಿಂಗಳು ಅದರದೇ ಆಳ್ವಿಕೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿ ಕಂಬಗಳಿವೆ. ಸೂರ್ಯ ಆಯಾ ರಾಶಿಯಲ್ಲಿರುವ ತಿಂಗಳಲ್ಲಿ ಆಯಾ ಕಂಬದ ಮೇಲೆ ಬಿಸಿಲು ಬೀಳುತ್ತದೆ ಎಂಬುದು ಅಲ್ಲಿನ ನಂಬಿಕೆ. ಹದಿನಾಲ್ಕನೇ ಶತಮಾನದ ಆ ಶಿಲ್ಪಿಗಳು ಸೂರ್ಯನ ವರ್ಷದ ನಡಿಗೆಯನ್ನು ಕಲ್ಲಿನಲ್ಲಿ ಬರೆಯಲು ಬಯಸಿದರೆಂಬುದಂತೂ ಕಣ್ಣಿಗೆ ಕಾಣುತ್ತದೆ. ಮನೆಯ ಮಟ್ಟಿಗೆ ಆ ನಡಿಗೆ ಹೀಗಿದೆ: ಈ ಸೀಮೆ ಇರುವುದು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಶ್ವಿನಿ ಮುಗಿದು ಭರಣಿ ಹುಟ್ಟುವ ಏಪ್ರಿಲ್ 26ರ ಸುಮಾರಿಗೂ ಮಘೆ ಹುಟ್ಟುವ ಆಗಸ್ಟ್ 17ರ ಸುಮಾರಿಗೂ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೇರ ನೆತ್ತಿಗೆ ಬಂದು, ಅಂಗಳದಲ್ಲಿ ನಿಂತವರ ನೆರಳು ಕಾಲಡಿ ಅಡಗುತ್ತದೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಅತಿ ಹೆಚ್ಚು ಬಾಗಿದಾಗಲೂ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಮೂರಡಿ ಸೂರಿದ್ದರೆ ಆಗ ದಕ್ಷಿಣದ ಗೋಡೆಯ ಮೇಲೆ ಸೂರಿನಿಂದ ನಾಲ್ಕಡಿ ಕೆಳಗಿನವರೆಗೆ ನೆರಳು. ಮಾರ್ಚ್ ಕೊನೆಗೆ ಆ ನೆರಳು ಹನ್ನೆರಡಡಿಗೂ ಹೆಚ್ಚು, ಅಂದರೆ ಇಡೀ ಗೋಡೆ. ಚಳಿಗಾಲದಲ್ಲಿ ಮೊಣಕಾಲ ಮಟ್ಟಕ್ಕೆ ಬೆಚ್ಚನೆಯ ಬಿಸಿಲು, ಬೇಸಿಗೆಯಲ್ಲಿ ಪೂರ್ತಿ ತಂಪು. ದಕ್ಷಿಣ ದಿಕ್ಕಿಗೆ ಯಾರೂ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಪಶ್ಚಿಮಕ್ಕೆ. ಸಂಜೆಯ ಓರೆ ಬಿಸಿಲಿಗೆ ಯಾವ ಸೂರೂ ಅಡ್ಡ ಬರುವುದಿಲ್ಲ, ಮಳೆಯ ಎರಚಲೂ ಆ ಕಡೆಯಿಂದಲೇ. ಈಚಿನ ಮನೆಗಳಲ್ಲಿ ರಸ್ತೆಯ ಕಡೆ ಎಂಬ ಒಂದೇ ಕಾರಣಕ್ಕೆ ಪಶ್ಚಿಮದ ಗೋಡೆಗೆ ಆಳೆತ್ತರದ ಗಾಜು ಹಾಕಿ, ಆರು ತಿಂಗಳಲ್ಲಿ ದಪ್ಪ ಪರದೆ ಇಳಿಬಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನು ಗಾಜಿನ ಹೆಂಚು. ಮಲೆನಾಡಿನ ಮನೆಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಬಂದ ಬೆಳಕಿನ ಉಪಕರಣಗಳಲ್ಲಿ ವಿದ್ಯುತ್ತನ್ನು ಬಿಟ್ಟರೆ ದೊಡ್ಡದು ಇದೇ ಎಂದು ನನ್ನ ಎಣಿಕೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮುಂಚೆ ಇಲ್ಲಿದ್ದದ್ದು ಹುಲ್ಲು, ಸೋಗೆ, ಕುಂಬಾರರ ನಾಡ ಹೆಂಚು. ಹುಲ್ಲಿನ ಮಾಡಿನಲ್ಲಿ ತೂತು ಮಾಡಿದರೆ ಅದು ಸೋರುವ ತೂತು, ಅಷ್ಟೇ. ಒಂದೇ ಅಚ್ಚಿನಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿ ಕೂರುವ ಮಂಗಳೂರು ಹೆಂಚು ಬಂದ ಮೇಲೆ, ಅದೇ ಅಚ್ಚಿನ ಆಕಾರದಲ್ಲಿ ಗಾಜಿನದನ್ನೂ ಮಾಡಿ ಮಣ್ಣಿನ ಹೆಂಚಿನ ಜಾಗದಲ್ಲಿ ಕೂರಿಸಲು ಸಾಧ್ಯವಾಯಿತು. ಮಳೆಯನ್ನು ತಡೆದು ಬೆಳಕನ್ನು ಮಾತ್ರ ಬಿಡುವ ವಸ್ತು ಮೊದಲ ಸಲ ಕೈಗೆ ಸಿಕ್ಕಿತು.

ಅದರ ಶಕ್ತಿ ಎಷ್ಟು? ಒಂದು ಚದರ ಮೀಟರ್ ಮಾಡಿಗೆ ಸುಮಾರು ಹದಿನೈದು ಹೆಂಚು ಬೇಕು. ಮೋಡದ ದಿನ ಹೊರಗೆ 10,000 ಲಕ್ಸ್ ಇದೆ, ಗಾಜು ಒಂದಿಷ್ಟು ನುಂಗಿ ನೂರಕ್ಕೆ ಎಪ್ಪತ್ತರಷ್ಟು ಬಿಡುತ್ತದೆ ಎಂದು ಹಿಡಿದರೆ, ಒಂದು ಹೆಂಚಿನಿಂದ ಒಳಗೆ ಇಳಿಯುವುದು 400 ಲ್ಯೂಮೆನ್ನಿನ ಆಸುಪಾಸು. ಐದು ವ್ಯಾಟ್ ಎಲ್‌ಇಡಿ ಬಲ್ಬ್ ಕೊಡುವುದೂ ಹೆಚ್ಚು ಕಡಿಮೆ ಅಷ್ಟೇ. ಮರ ಬಿದ್ದು ತಂತಿ ಹರಿದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಈ ಬಲ್ಬು ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತಲೇ ಇರುತ್ತದೆ. ಎರಡು ಮೀಟರ್ ಕೆಳಗಿನ ಅಡಿಗೆ ಕಟ್ಟೆಗೆ ಒಂದು ಹೆಂಚಿನಿಂದ 30 ಲಕ್ಸ್ ಸಿಗುತ್ತದೆ. 200 ಲಕ್ಸ್ ಬೇಕಾದರೆ ಆರೇಳು ಹೆಂಚು. ನಮ್ಮ ಮನೆಗಳಲ್ಲಿ ಇರುವುದು ಒಂದೋ ಎರಡೋ, ಅದೂ ಅಡಿಗೆ ಮಾಡುವವರ ಬೆನ್ನ ಹಿಂದೆ. ಬೆನ್ನ ಹಿಂದಿನ ಬೆಳಕು ಕೈಯ ಮೇಲೆ ನೆರಳು ಹಾಕುತ್ತದೆ. ಹೆಂಚು ಇರಬೇಕಾದುದು ಕಟ್ಟೆಯ ನೇರಕ್ಕೆ, ಒಂದಿಷ್ಟು ಎಡಬಲಕ್ಕೆ ಹರಡಿಕೊಂಡು.

ಬೇಸಿಗೆಯಲ್ಲಿ ಕಾವು ಬರುವುದಿಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಬರುತ್ತದೆ. ನೆತ್ತಿಯ ಬಿಸಿಲಿನಲ್ಲಿ ಒಂದು ಗಾಜಿನ ಹೆಂಚು ಸುಮಾರು 50 ವ್ಯಾಟಿನಷ್ಟು ಶಾಖ ಇಳಿಸುತ್ತದೆ. ಮೋಡದ ದಿನ ಐದು ವ್ಯಾಟೂ ಇಲ್ಲ. ಆರು ಹೆಂಚಿದ್ದರೆ ಏಪ್ರಿಲ್ ಮಧ್ಯಾಹ್ನ 300 ವ್ಯಾಟ್, ಅಡಿಗೆಮನೆಗೆ ಅದು ಕಡಿಮೆಯೇನಲ್ಲ. ಸಾಧ್ಯವಿದ್ದರೆ ಪೂರ್ವದ ಇಳಿಜಾರಿಗೆ ಹಾಕಿ, ಬೆಳಗಿನ ತಿಂಡಿಯ ಹೊತ್ತಿಗೆ ಬಿಸಿಲು, ಇಳಿಹೊತ್ತಿಗೆ ಬರೀ ಬೆಳಕು. ಅದು ಆಗದಿದ್ದರೆ ಮಾರ್ಚ್ ಬಂದಾಗ ಮೇಲೊಂದು ಸೋಗೆ ಎಳೆದು, ಮೊದಲ ಮಳೆಗೆ ತೆಗೆದುಬಿಡಿ. ಬೇಸಿಗೆಗೆ ಅಂಗಳಕ್ಕೆ ಚಪ್ಪರ ಹಾಕಿ ಮಳೆಗಾಲಕ್ಕೆ ಬಿಚ್ಚುವ ಜನಕ್ಕೆ ಇದು ಹೊಸ ಕೆಲಸವಲ್ಲ.

ಕೋಣೆಯ ಮೇಲೆ ಅಟ್ಟವಿದ್ದರೆ ಗಾಜಿನ ಹೆಂಚು ಅಟ್ಟಕ್ಕಷ್ಟೇ ಬೆಳಕು ಕೊಡುತ್ತದೆ. ಆಗ ಅಟ್ಟದ ಹಲಗೆ ಕೊರೆದು, ಮಾಡಿನಿಂದ ಕೋಣೆಯವರೆಗೆ ಒಂದು ಪೆಟ್ಟಿಗೆಯಂಥ ಬೆಳಕಿಂಡಿ ಇಳಿಸಬೇಕಾಗುತ್ತದೆ. ಎರಡಡಿ ಚೌಕ, ಐದಡಿ ಆಳದ ಪೆಟ್ಟಿಗೆಯ ಒಳಮೈಗೆ ಅಚ್ಚ ಬಿಳಿ ಬಳಿದರೂ ಮೇಲಿನ ಬೆಳಕಿನ ಅರ್ಧಕ್ಕಿಂತ ಕಡಿಮೆಯೇ ಕೆಳಗೆ ಮುಟ್ಟುವುದು. ಬುಡವನ್ನು ಲಾಳಿಕೆಯ ಹಾಗೆ ಅಗಲ ಮಾಡಿದರೆ ಬಂದ ಬೆಳಕು ಚೆನ್ನಾಗಿ ಹರಡುತ್ತದೆ.

ಬಿಳಿಯ ಮಾತು ಬಂದದ್ದರಿಂದ ಹೇಳಬೇಕು, ಮನೆಗೆ ಬೆಳಕು ತರುವ ಅತಿ ಅಗ್ಗದ ದಾರಿ ಸುಣ್ಣ. ಹೊಸ ಸುಣ್ಣ ಬೀಳುವ ಬೆಳಕಿನ ನೂರಕ್ಕೆ ಎಂಬತ್ತನ್ನು ಹಿಂದಕ್ಕೆ ಕೊಡುತ್ತದೆ. ಹೊಗೆಯ ಮಸಿ ಹಿಡಿದ ಪಕಾಸು, ರೀಪು ಕೊಡುವುದು ಐದು. ವ್ಯತ್ಯಾಸ ಇಷ್ಟಕ್ಕೇ ನಿಲ್ಲುವುದಿಲ್ಲ. ಹಿಂದೆ ಬಂದ ಬೆಳಕು ಇನ್ನೊಂದು ಗೋಡೆಗೆ ತಾಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ. ಕೋಣೆಯ ಎಲ್ಲ ಮೈಗಳ ಸರಾಸರಿ ಹಿಂಬೆಳಕು ನೂರಕ್ಕೆ 20 ಇದ್ದರೆ ಒಳಗೆ ಬಂದ ಬೆಳಕು ಒಂದೂಕಾಲು ಪಟ್ಟಾಗುತ್ತದೆ, 50 ಇದ್ದರೆ ಎರಡು ಪಟ್ಟು, 70 ಇದ್ದರೆ ಮೂರು ಪಟ್ಟಿಗೂ ಹೆಚ್ಚು. ಒಂದು ಹೆಂಚನ್ನೂ ಕದಲಿಸದೆ, ಬರೀ ಮಸಿ ತೊಳೆದು ಬಿಳಿ ಬಳಿದರೆ ಅದೇ ಅಡಿಗೆಮನೆ ಎರಡರಷ್ಟು ಬೆಳಗುತ್ತದೆ. ಹಿಂದೆ ಇದು ಆಗದ ಮಾತಾಗಿತ್ತು. ಹೊಗೆಯೇ ಮರವನ್ನು ಹುಳದಿಂದ ಕಾಯುತ್ತಿತ್ತು, ಅಟ್ಟದ ಸಾಮಾನನ್ನು ಬೂಷ್ಟಿನಿಂದ ಕಾಯುತ್ತಿತ್ತು. ಈಗ ಗ್ಯಾಸು ಬಂದಿದೆ, ಒಲೆ ಬಚ್ಚಲಿಗೆ ಹೋಗಿದೆ, ಮಸಿ ಮಾತ್ರ ಮೇಲೇ ಉಳಿದಿದೆ.

ಇಲ್ಲಿ ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಈಚೆಗೆ ರಿಪೇರಿಯ ಹೆಸರಿನಲ್ಲಿ ತೊಟ್ಟಿಯನ್ನು ಮುಚ್ಚುವುದು ರೂಢಿಯಾಗುತ್ತಿದೆ. ಮಳೆನೀರು ಒಳಗೆ ಬೀಳುವುದು ಬೇಡ, ಜಾರುವುದು ಬೇಡ, ದೊಡ್ಡ ಹಾಲ್ ಆಗುತ್ತದೆ ಎಂಬ ಕಾರಣಗಳೆಲ್ಲ ನಿಜವಾದವೇ. ಆದರೆ ಮೇಲೆ ತಗಡು ಹೊದಿಸಿಬಿಟ್ಟರೆ ಮನೆಯ ಶ್ವಾಸವೂ ಕಣ್ಣೂ ಒಟ್ಟಿಗೆ ಹೋಗುತ್ತವೆ. ಮುಚ್ಚಲೇಬೇಕಾದರೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಹಾಕಿ, ಅದನ್ನು ಮಾಡಿನ ಮಟ್ಟಕ್ಕಿಂತ ಒಂದೂವರೆ ಎರಡಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಿಸಿ, ಸುತ್ತ ಬಲೆ ಬಿಡಿ. ಬಿಸಿಗಾಳಿ ಮೇಲೇರಿ ಆ ಸಂದಿಯಿಂದ ಹೊರಹೋಗುತ್ತದೆ. ಸಂದಿ ಬಿಡದಿದ್ದರೆ ಅಂಗಳ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯೇ ಆಗುತ್ತದೆ: ಬೆಳಕು ಒಳಬರುತ್ತದೆ, ಕಾದ ನೆಲದ ಶಾಖ ಹೊರಹೋಗುವುದಿಲ್ಲ. ನರಸಿಂಹರಾಜಪುರದ ಕಡೆ ಬೇಸಿಗೆ ಹೆಚ್ಚು ಖಾರ, ಮೋಡ ಕಡಿಮೆ, ಅಲ್ಲಿ ಇಷ್ಟು ಅಗಲಕ್ಕೆ ಪಾರದರ್ಶಕ ಮಾಡು ಬೇಕಾಗುವುದೂ ಇಲ್ಲ. ದಿಗಂತ ತೆರೆದಿರುವ ಕಡೆ ಕಿಟಕಿಯೇ ಅರ್ಧ ಕೆಲಸ ಮಾಡುತ್ತದೆ. ಶೃಂಗೇರಿಗೆ ಸಲ್ಲುವ ಮನೆ ಅಲ್ಲಿಗೆ ಸಲ್ಲಬೇಕಿಲ್ಲ.

ಹಿಂಬದಿಗೆ ಬೆಳಕು ಬರಲಿ ಎಂದು ಜೆಸಿಬಿ ತಂದು ಧರೆ ಕಡಿಸುವುದಂತೂ ಬೇಡವೇ ಬೇಡ. ನೆಟ್ಟಗೆ ಕಡಿದ ಧರೆ ಮೊದಲ ಮಳೆಗಾಲ ನಿಲ್ಲಬಹುದು, ನೀರು ಕುಡಿದು ಕುಡಿದು ಮುಂದೊಂದು ವರ್ಷ ಕುಸಿಯುತ್ತದೆ. ಐದು ಗಾಜಿನ ಹೆಂಚು ಕೊಡುವ ಬೆಳಕಿಗಾಗಿ ಮನೆಯ ಬೆನ್ನನ್ನೇ ಅಪಾಯಕ್ಕೆ ಒಡ್ಡುವುದು ಏಕೆ? ಹೆಂಚಿಗೆ ಇರುವ ನಿಜವಾದ ಶತ್ರು ಮಂಗ. ಕಾಡಿನಲ್ಲಿ ತಿನ್ನಲು ಸಿಗದೆ ಊರಿಗಿಳಿದ ಮಂಗಗಳು ಮಾಡಿನ ಮೇಲೆ ಹಾರಿ ಹೆಂಚು ಒಡೆಯುವುದಕ್ಕೆ ಬೇಸತ್ತು ಎಷ್ಟೋ ಮನೆಗಳವರು ಹೆಂಚು ಇಳಿಸಿ ತಗಡು ಹೊದಿಸಿದ್ದಾರೆ. ಅವರನ್ನು ದೂರಲಾರೆ. ತಗಡಿನ ನಡುವೆಯೂ ಅದೇ ಅಲೆಯಾಕಾರದ ಪಾರದರ್ಶಕ ಶೀಟು ಸಿಗುತ್ತದೆ, ಕೆಲಸ ನಡೆಯುವ ಕಡೆ ಒಂದೊಂದು ಹಾಕಿಸಿಕೊಳ್ಳಿ ಎಂದಷ್ಟೇ ಹೇಳುತ್ತೇನೆ. ಅಗ್ಗದ ಫೈಬರ್ ಶೀಟು ಬಿಸಿಲಿನ ಅತಿನೇರಳೆ ಕಿರಣಕ್ಕೆ ಕೆಲವೇ ವರ್ಷದಲ್ಲಿ ಹಳದಿಗಟ್ಟುತ್ತದೆ, ಒಂದಿಷ್ಟು ಹೆಚ್ಚು ಕೊಟ್ಟು ರಕ್ಷಣಾ ಲೇಪ ಇರುವುದನ್ನೇ ತನ್ನಿ.

ಇಷ್ಟೆಲ್ಲ ಯಾರಿಗಾಗಿ? ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಈಗ ಇರುವವರು ಅರವತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅದಕ್ಕೂ ಆಚೆ ಇದ್ದಾರೆ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅರವತ್ತರ ಅಕ್ಷಿಪಟಕ್ಕೆ ತಲುಪುವುದು ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಮೂರನೇ ಒಂದು ಪಾಲು. ರಜೆಗೆ ಬಂದ ಮಗನಿಗೆ ಸಾಕಷ್ಟು ಬೆಳಕಿದೆ ಎನ್ನಿಸುವ ಕೋಣೆ ಅಮ್ಮನಿಗೆ ಮುಸ್ಸಂಜೆ. ಹಳೆಯ ಮನೆಯಲ್ಲಿ ಹೊಸ್ತಿಲುಗಳು ಎತ್ತರ, ಅಡಿಗೆಮನೆಯಿಂದ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಮಳೆಗಾಲದಲ್ಲಿ ನೆಲ ಬೆವರುತ್ತದೆ. ಬಿದ್ದು ಸೊಂಟ ಮುರಿಯುವುದು ಅಲ್ಲೇ. ಅದಲ್ಲದೆ ಕಣ್ಣಿನಲ್ಲಿ ನೋಟಕ್ಕೆ ಬಾರದ, ಹಗಲೋ ಇರುಳೋ ಎಂದು ಮೈಗೆ ತಿಳಿಸುವ ಬೇರೆಯದೇ ಕೋಶಗಳಿವೆ, 2002ರ ಹೊತ್ತಿಗೆ ವಿಜ್ಞಾನಿಗಳು ಅವನ್ನು ಖಚಿತವಾಗಿ ಗುರುತಿಸಿದರು. ಅವುಗಳಿಗೆ ಬೆಳಗಿನ ಹೊತ್ತು ಸಾಕಷ್ಟು ಬೆಳಕು ಸಿಗದಿದ್ದರೆ ರಾತ್ರಿಯ ನಿದ್ದೆಯೂ ತಪ್ಪುತ್ತದೆ. ಮಳೆಗಾಲವಿಡೀ ಮನೆಯೊಳಗೇ ಇರುವವರಿಗೆ ಆ ಬೆಳಕು ಎಲ್ಲಿಂದ ಬರಬೇಕು? ಹೊಸ ಟೈಲ್ಸ್, ಹೊಸ ಸೋಫಾ, ಕೆತ್ತನೆ ಬಾಗಿಲಿಗೆ ಮುಂಚೆ ಆ ಎರಡು ಮೆಟ್ಟಿಲ ಮೇಲೆ ಎರಡು ಗಾಜಿನ ಹೆಂಚು ಹಾಕಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಎಲ್ಲಿ ಹಾಕಬೇಕು ಎಂದು ನೋಡುವುದಕ್ಕೆ ಇಂಜಿನಿಯರೂ ಬೇಡ, ಕಂಪ್ಯೂಟರೂ ಬೇಡ. ಹೆಂಚಿನ ಮಾಡಿನಷ್ಟು ಅನುಕೂಲದ ಪ್ರಯೋಗಶಾಲೆ ಬೇರೆಲ್ಲೂ ಸಿಗದು. ಮಳೆಗಾಲಕ್ಕೆ ಮುಂಚೆ ಹೇಗೂ ಹೆಂಚು ಕೈಯಾಡಿಸಲು ಆಳು ಮಾಡು ಹತ್ತುತ್ತಾನೆ. ಬಿಸಿಲಿಲ್ಲದ, ಮೋಡ ಕವಿದ ಒಂದು ಬೆಳಿಗ್ಗೆಯನ್ನೇ ಆರಿಸಿಕೊಳ್ಳಿ. ಕೆಳಗೆ ಅಡಿಗೆಮನೆಯಲ್ಲಿ ಲೈಟು ಆರಿಸಿ, ಅಮ್ಮನ ಕೈಗೆ ಮೊರದಲ್ಲಿ ಒಂದು ಸೇರು ಅಕ್ಕಿ ಕೊಟ್ಟು, ಅವಳು ಎಂದೂ ಅಕ್ಕಿ ಆರಿಸದ ಜಾಗದಲ್ಲಿ ಕೂರಿಸಿ. ಮೇಲಿನವನು ಒಂದು ಹೆಂಚು ಸರಿಸಲಿ. ಸಾಲದಿದ್ದರೆ ಪಕ್ಕದ್ದು, ಅದೂ ಸಾಲದಿದ್ದರೆ ಕೆಳಗಿನ ಸಾಲಿನದು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿದೆ ಎಂದು ಅವಳು ಕೂಗಿ ಹೇಳುವವರೆಗೆ ಅವನು ಸರಿಸುತ್ತಿರಲಿ.